ಅಹವಾಲಿನ ಹಾದಿ: ಗಡಿನಾಡಿನ ಮನವಿಗಳ ಚರಿತ್ರೆ ಮತ್ತು ಇಂದಿನ ಅಂತರ್ಜಾಲ

ಶತಮಾನ ಪೂರೈಸಿದ ಶಾಲೆಯೊಂದರ ಚರಿತ್ರೆಯನ್ನು ಅದರ ಕಟ್ಟಡಗಳಿಂದ, ಗುರುಪರಂಪರೆಯಿಂದ, ದಾನಿಗಳ ಔದಾರ್ಯದಿಂದ ಬರೆಯಬಹುದು. ಆ ಕಾರ್ಯವನ್ನು ಈ ಸಂಚಿಕೆಯ ಇತರ ಲೇಖನಗಳಿಗೆ ಬಿಟ್ಟು, ನಾವು ಇಲ್ಲಿ ಅದಕ್ಕೆ ಹೊಂದಿಕೊಂಡ ಇನ್ನೊಂದು ಎಳೆಯನ್ನು ಎತ್ತಿಕೊಂಡಿದ್ದೇವೆ. ಈ ಸೀಮೆಯ ಕನ್ನಡಿಗರು ತಮ್ಮ ಅಹವಾಲನ್ನು ಸರಕಾರದ ಮುಂದೆ ಹೇಗೆ ಇಟ್ಟರು, ಅದರಿಂದ ಅವರಿಗೆ ಏನು ದೊರೆಯಿತು, ಇಂದು ಅದೇ ಅಹವಾಲು ಅಂತರ್ಜಾಲದ ಮೂಲಕ ಹೋಗುವಾಗ ಏನು ಗಳಿಸುತ್ತದೆ, ಏನು ಕಳೆದುಕೊಳ್ಳುತ್ತದೆ ಎಂಬುದು ನಮ್ಮ ವಿಷಯ. ಕನ್ನಡ ಶಾಲೆಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಉತ್ತರ ಲೇಖನದ ನಡುವೆಯೇ ದೊರೆಯುತ್ತದೆ.

ಬಿನ್ನಹದಿಂದ ಅರ್ಜಿಗೆ

ಪ್ರಭುತ್ವದ ಮುಂದೆ ಮಾತು ಇಡುವುದು ನಮ್ಮಲ್ಲಿ ಹೊಸದಲ್ಲ. ಕನ್ನಡ ಶಾಸನಗಳಲ್ಲಿ ‘ಬಿನ್ನಪಂ ಗೆಯ್ಯೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಊರವರೋ ಅಧಿಕಾರಿಗಳೋ ಬಿನ್ನಹ ಮಾಡಿಕೊಂಡರು, ಅರಸನು ದತ್ತಿ ಬಿಟ್ಟನು ಎಂಬುದು ಅನೇಕ ದಾನಶಾಸನಗಳ ಒಕ್ಕಣೆ. ಬಹಮನಿ, ಆದಿಲಶಾಹಿ, ಮರಾಠಾ ಆಳ್ವಿಕೆಗಳ ಕಾಲದಲ್ಲಿ ‘ಅರ್ಜಿ’, ‘ಫಿರ್ಯಾದಿ’, ‘ಅಹವಾಲು’ ಎಂಬ ಪದಗಳು ನಮ್ಮ ನುಡಿಯೊಳಗೆ ಬಂದು ನೆಲೆನಿಂತವು. ಅಕ್ಕಲಕೋಟೆ ಸೀಮೆ ಭೋಸಲೆ ಸಂಸ್ಥಾನಿಕರ ಕೈಯಲ್ಲಿದ್ದಾಗ ಕೇಳುವವನು ಪ್ರಜೆ, ಕೊಡುವವನು ದೊರೆ. ಕೊಡದಿದ್ದರೆ ಮೇಲೆ ಕೇಳಲು ದಾರಿ ಕಡಿಮೆ. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಸೊಲ್ಲಾಪುರ ಜಿಲ್ಲೆಗೆ ಸೇರಿತು. 1950ರಲ್ಲಿ ಸಂವಿಧಾನ ಜಾರಿಗೆ ಬಂದಿತು. ಅಂದಿನಿಂದ ಅರ್ಜಿಯು ಕೃಪೆಯ ಬೇಡಿಕೆಯಾಗಿರದೆ ಹಕ್ಕಿನ ಮಾತಾಯಿತು. ಅದೇ ವರ್ಷ ಸೊಲ್ಲಾಪುರದಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನಡೆದದ್ದು ಈ ಭಾಗದ ಕನ್ನಡಿಗರಿಗೆ ತಮ್ಮ ಮಾತನ್ನು ಒಟ್ಟಾಗಿ ಹೇಳುವ ಧೈರ್ಯ ತಂದಿತು.

ಎರಡು ಆಯೋಗಗಳು

ಸ್ವತಂತ್ರ ಭಾರತದಲ್ಲಿ ಸಾರ್ವಜನಿಕರ ಅಭಿಪ್ರಾಯವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದ ಮೊದಲ ಪ್ರಯತ್ನಗಳಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ್ದು ಮುಖ್ಯ. 1953ರ ಡಿಸೆಂಬರಿನಲ್ಲಿ ನೇಮಕಗೊಂಡ ಈ ಆಯೋಗದಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು ಹಾಗೂ ಕೆ. ಎಂ. ಪಣಿಕ್ಕರ್ ಇದ್ದರು. ಆಯೋಗವು ಮನವಿಗಳನ್ನು ಆಹ್ವಾನಿಸಿದಾಗ ದೇಶದ ಮೂಲೆಮೂಲೆಯಿಂದ ಬಂದ ಬರಹಗಳ ಸಂಖ್ಯೆ 1,52,250. ಸದಸ್ಯರು 104 ಸ್ಥಳಗಳಿಗೆ ಹೋಗಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಾತು ಕೇಳಿದರು. ರೈಲು, ಟಪಾಲು, ತಂತಿ, ಇಷ್ಟೇ ಅಂದಿನ ಸಾಧನಗಳು.

ಈ ಅಂಕಿಗಳಲ್ಲಿ ನಾವು ಗಮನಿಸಬೇಕಾದದ್ದು ಇನ್ನೊಂದಿದೆ. ಬಂದ ಬರಹಗಳಲ್ಲಿ ಬಹುಪಾಲು ‘ನಮ್ಮ ಊರನ್ನು ಇಂಥ ಪ್ರಾಂತಕ್ಕೆ ಸೇರಿಸಿ’ ಎಂಬ ಸರಳ ತಂತಿಗಳೂ ಠರಾವುಗಳೂ ಆಗಿದ್ದವು. ವಿಚಾರಪೂರ್ಣವಾಗಿ ರಚಿಸಿದ ಮನವಿಗಳು ಸುಮಾರು 2,000ಕ್ಕೆ ಮೀರಲಿಲ್ಲವೆಂದು ಆಯೋಗವೇ ತನ್ನ ವರದಿಯಲ್ಲಿ ಹೇಳಿತು. ಎಣಿಕೆಗೆ ಒಂದು ತೂಕ, ಆಧಾರಸಹಿತ ವಾದಕ್ಕೆ ಇನ್ನೊಂದು ತೂಕ ಎಂಬುದು ಅಂದೇ ಸ್ಪಷ್ಟವಾಗಿತ್ತು.

1955ರ ಸೆಪ್ಟೆಂಬರ್ 30ರಂದು ವರದಿ ಸಲ್ಲಿಕೆಯಾಯಿತು. 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯ ಉದಯವಾದಾಗ ಅಕ್ಕಲಕೋಟೆಯೂ ಸೊಲ್ಲಾಪುರವೂ ಮುಂಬಯಿ ರಾಜ್ಯದಲ್ಲಿಯೇ ಉಳಿದವು. 1960ರ ಮೇ 1ರಂದು ಅವು ಮಹಾರಾಷ್ಟ್ರದ ಭಾಗಗಳಾದವು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರಂಥ ಹಿರಿಯರು ಏಕೀಕರಣಕ್ಕಾಗಿ ದುಡಿದ ಈ ನೆಲ ಏಕೀಕೃತ ನಾಡಿನ ಹೊರಗೆ ಉಳಿಯಿತು.

ಹತ್ತು ವರ್ಷಗಳ ತರುವಾಯ ಮತ್ತೊಂದು ಆಯೋಗ ಬಂದಿತು. 1966ರ ಅಕ್ಟೋಬರಿನಲ್ಲಿ ನೇಮಕಗೊಂಡ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರಚಂದ ಮಹಾಜನ ಅವರ ಆಯೋಗವು 2,240 ಮನವಿಗಳನ್ನು ಸ್ವೀಕರಿಸಿ 7,572 ಜನರನ್ನು ಸಂದರ್ಶಿಸಿತು. 1967ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿಯಲ್ಲಿ ಇಡೀ ಅಕ್ಕಲಕೋಟೆ ತಾಲೂಕು, ದಕ್ಷಿಣ ಸೊಲ್ಲಾಪುರ ತಾಲೂಕಿನ 65 ಗ್ರಾಮಗಳು, ಜತ್ತ ತಾಲೂಕಿನ 44 ಗ್ರಾಮಗಳು ಮೊದಲಾದವುಗಳನ್ನು ಮೈಸೂರಿಗೂ, ನಿಪ್ಪಾಣಿ, ಖಾನಾಪುರಗಳೂ ಸೇರಿದಂತೆ 264 ಊರುಗಳನ್ನು ಮಹಾರಾಷ್ಟ್ರಕ್ಕೂ ಕೊಡಬೇಕೆಂದು ಶಿಫಾರಸು ಮಾಡಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, ವರದಿ ಜಾರಿಗೆ ಬರಲಿಲ್ಲ. 2004ರಲ್ಲಿ ಗಡಿ ವಿವಾದವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಹಾಗಾದರೆ ಹಿರಿಯರ ಮನವಿಗಳೆಲ್ಲ ವ್ಯರ್ಥವಾದವೇ? ಇಲ್ಲವೆಂಬುದೇ ನಮ್ಮ ಅಭಿಪ್ರಾಯ. ಗಡಿ ಎಲ್ಲಿ ಎಳೆದರೂ ಅದರ ಎರಡೂ ಬದಿಗೆ ಪರಭಾಷೆಯ ಜನ ಉಳಿಯುತ್ತಾರೆಂದು ಫಜಲ್ ಅಲಿ ಆಯೋಗ ಕಂಡುಕೊಂಡಿತು. ಅಂಥವರ ರಕ್ಷಣೆಗಾಗಿ ವರದಿಯಲ್ಲಿ ಪ್ರತ್ಯೇಕ ವಿಚಾರ ಮಾಡಿತು. ಅದರ ಫಲವಾಗಿ 1956ರ ಏಳನೆಯ ತಿದ್ದುಪಡಿಯ ಮೂಲಕ ಎರಡು ವಿಧಿಗಳು ಸಂವಿಧಾನಕ್ಕೆ ಸೇರಿದವು. 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುತ್ತದೆ. 350-ಬಿ ವಿಧಿಯು ಅವರ ಹಿತರಕ್ಷಣೆಯ ವಿಚಾರಣೆಗೆ ವಿಶೇಷ ಅಧಿಕಾರಿಯೊಬ್ಬರನ್ನು ನೇಮಿಸುತ್ತದೆ. ಗಡಿ ಬದಲಿಸಲು ಹೊರಟ ಮನವಿಗಳು ಗಡಿಯನ್ನು ಬದಲಿಸಲಿಲ್ಲ. ಆದರೆ ಮಹಾರಾಷ್ಟ್ರದಲ್ಲಿದ್ದುಕೊಂಡೇ ಕನ್ನಡದಲ್ಲಿ ಕಲಿಯುವ ಹಕ್ಕಿಗೆ ಸಂವಿಧಾನದ ಬೆಂಬಲ ದೊರೆತದ್ದು ಆ ಕಾಲದ ಚರ್ಚೆಯಿಂದಲೇ. ನಮ್ಮ ಶಾಲೆ ಇಂದಿಗೂ ನಿಂತಿರುವ ನೆಲಗಟ್ಟುಗಳಲ್ಲಿ ಅದೊಂದು.

ತೆರೆದ ಬಾಗಿಲು, ಅಪರಿಚಿತ ಭಾಷೆ

ಸಂವಿಧಾನ ಜಾರಿಗೆ ಬಂದ ದಿನದಿಂದಲೇ ಇರುವ 350ನೆಯ ವಿಧಿಯ ಕಡೆಗೆ ಓದುಗರ ಗಮನ ಸೆಳೆಯಬಯಸುತ್ತೇವೆ. ಯಾವುದೇ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ, ಆಯಾ ಕಡೆ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬನಿಗೂ ಹಕ್ಕಿದೆ ಎಂಬುದು ಅದರ ತಾತ್ಪರ್ಯ. ಇದರ ಜೊತೆಗೆ 1956ರ ಕೇಂದ್ರ ಸರಕಾರದ ಜ್ಞಾಪಕಪತ್ರ ಮತ್ತು 1961ರ ಮುಖ್ಯಮಂತ್ರಿಗಳ ಸಮ್ಮೇಳನದ ಒಪ್ಪಂದದಂತೆ, ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟು ಇರುವ ಜಿಲ್ಲೆ, ತಾಲೂಕು, ಪುರಸಭೆಗಳಲ್ಲಿ ಮುಖ್ಯ ಸರಕಾರಿ ಸೂಚನೆಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕು. ಗಡಿಯಾಚೆ ಬೆಳಗಾವಿಯ ಮರಾಠಿ ಬಂಧುಗಳು ಕೇಳುತ್ತಿರುವುದೂ ಇದನ್ನೇ. ಈ ಹಕ್ಕು ಒಂದೇ ಬದಿಯದಲ್ಲ.

ಈಗ ಅಂತರ್ಜಾಲದ ಕಾಲಕ್ಕೆ ಬರೋಣ. 2005ರ ಮಾಹಿತಿ ಹಕ್ಕು ಕಾಯಿದೆಯು ವಿದ್ಯುನ್ಮಾನ ಸಾಧನದ ಮೂಲಕವೂ ಅರ್ಜಿ ಸಲ್ಲಿಸಲು ಅವಕಾಶ ಕೊಟ್ಟಿತು. 2014ರಲ್ಲಿ ಕೇಂದ್ರವು ‘ಮೈಗವ್’ ಜಾಲತಾಣವನ್ನು ತೆರೆಯಿತು. ಮಸೂದೆಗಳ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದೆ ಇಡಬೇಕೆಂಬ ನೀತಿಯನ್ನೂ ಅದೇ ವರ್ಷ ರೂಪಿಸಿತು. ಮಹಾರಾಷ್ಟ್ರದಲ್ಲಿ 2015ರ ಲೋಕಸೇವಾ ಹಕ್ಕು ಕಾಯಿದೆಯೂ ‘ಆಪಲೆ ಸರಕಾರ’ ಜಾಲತಾಣವೂ ಬಂದವು. ಇವುಗಳ ಉಪಕಾರವನ್ನು ನಾವು ಕಡೆಗಣಿಸುವುದಿಲ್ಲ. ಹಿಂದೆ ಒಂದು ಅರ್ಜಿಗಾಗಿ ದುಧನಿಯಿಂದ ಅಕ್ಕಲಕೋಟೆಗೆ, ಅಲ್ಲಿಂದ ಸೊಲ್ಲಾಪುರಕ್ಕೆ ಹೋಗಿ ದಿನಗೂಲಿ ಕಳೆದುಕೊಳ್ಳಬೇಕಿತ್ತು. ಆವಕ-ಜಾವಕ ದಫ್ತರದಲ್ಲಿ ಅದು ದಾಖಲಾಯಿತೋ ಇಲ್ಲವೋ ತಿಳಿಯದು. ಇಂದು ಮನೆಯಲ್ಲಿಯೇ ಕುಳಿತು ಕಳುಹಿಸಬಹುದು. ಅರ್ಜಿಗೆ ಒಂದು ಸಂಖ್ಯೆ ದೊರೆಯುತ್ತದೆ, ಅದು ಯಾರ ಮೇಜಿನ ಮೇಲಿದೆಯೆಂದು ವಿಚಾರಿಸಬಹುದು. ದಾಖಲೆಯಿಲ್ಲದ ಬಡವನಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ನಡೆಯುವ ಸಂಭಾಷಣೆ ಅರ್ಥವಾಗುವುದಿಲ್ಲ. ‘ಆಪಲೆ ಸರಕಾರ’ ಮರಾಠಿ ಮತ್ತು ಇಂಗ್ಲಿಷಿನಲ್ಲಿದೆ. ಮಾಹಿತಿ ಹಕ್ಕಿನ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕೆಂದು ಕಾಯಿದೆ ಹೇಳುತ್ತದೆ. ಕಾಗದದ ಮೇಲೆ ಕನ್ನಡದಲ್ಲಿ ಬರೆದು ತಹಸೀಲದಾರರ ಕೈಗೆ ಕೊಟ್ಟ ಅರ್ಜಿಯನ್ನು 350ನೆಯ ವಿಧಿ ಕಾಪಾಡುತ್ತದೆ. ತೆರೆಯ ಮೇಲಿನ ನಮೂನೆಯಾದರೋ ತನ್ನ ಭಾಷೆಯನ್ನು ತಾನೇ ಮೊದಲು ನಿರ್ಧರಿಸಿಕೊಂಡಿರುತ್ತದೆ. ನಮ್ಮ ಮಕ್ಕಳು ಮರಾಠಿಯನ್ನೂ ಕಲಿಯುತ್ತಾರೆ, ಕಲಿಯಲೇಬೇಕು. ಆದರೆ ಕನ್ನಡವಷ್ಟೇ ಬಲ್ಲ ಅಜ್ಜಿಯೂ ಈ ನಾಡಿನ ನಾಗರಿಕಳೇ ಅಲ್ಲವೆ?

ಈ ಪ್ರಶ್ನೆ ಇಡೀ ದೇಶದ ಮುಂದೆ ಬಂದದ್ದು 2020ರಲ್ಲಿ. ಕಾರ್ಖಾನೆ, ಗಣಿ, ವಿದ್ಯುತ್ ಸ್ಥಾವರಗಳಿಂದ ಪರಿಸರಕ್ಕೆ ಆಗುವ ಪರಿಣಾಮವನ್ನು ಅಳೆಯುವ ನಿಯಮಗಳಿಗೆ ಕೇಂದ್ರ ಪರಿಸರ ಸಚಿವಾಲಯವು ಹೊಸ ಕರಡು ಅಧಿಸೂಚನೆ ಹೊರಡಿಸಿತು. ದಕ್ಷಿಣ ಸೊಲ್ಲಾಪುರದ ಉಷ್ಣವಿದ್ಯುತ್ ಸ್ಥಾವರದಂಥ ಯೋಜನೆ ಬರುವಾಗ ಸುತ್ತಲಿನ ಹಳ್ಳಿಗರ ಮಾತು ಕೇಳಬೇಕಾದದ್ದು ಇಂಥ ನಿಯಮಗಳಂತೆಯೇ. ಆ ಸಾರ್ವಜನಿಕ ಅಭಿಪ್ರಾಯಕ್ಕೆ ಇದ್ದ 30 ದಿನಗಳ ಅವಧಿಯನ್ನು 20ಕ್ಕೆ ಇಳಿಸುವ ಪ್ರಸ್ತಾಪವೂ ಕರಡಿನಲ್ಲಿತ್ತು. ದೇಶ ಬೀಗಮುದ್ರೆಯಲ್ಲಿದ್ದ ಆ ದಿನಗಳಲ್ಲಿ ಆಕ್ಷೇಪಣೆಗಳು ಮಿಂಚಂಚೆಯಲ್ಲಿ ಲಕ್ಷಗಟ್ಟಲೆ ಹೋದವು. ಅಂತರ್ಜಾಲದ ಶಕ್ತಿಗೆ ಅದು ನಿದರ್ಶನ. ಆದರೆ ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಜೂನ್ 30ರಂದು ದೆಹಲಿ ಉಚ್ಚ ನ್ಯಾಯಾಲಯವು ಅದನ್ನು ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸುವಂತೆ ಆದೇಶಿಸಿ, ಅಭಿಪ್ರಾಯ ಸಲ್ಲಿಕೆಯ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಆಗಸ್ಟ್ ಆರಂಭದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಸಾಕಷ್ಟು ಪ್ರಚಾರ ಆಗಿಲ್ಲವೆಂಬ ಕಾರಣದಿಂದ ಅಂತಿಮ ಅಧಿಸೂಚನೆಯನ್ನು ತಾತ್ಕಾಲಿಕವಾಗಿ ತಡೆಯಿತು. ಜನರಿಗೆ ತಿಳಿಯದ ಭಾಷೆಯಲ್ಲಿ ಜನಾಭಿಪ್ರಾಯ ಕೇಳುವುದು ಕೇಳಿದಂತಲ್ಲ ಎಂಬುದು ಈ ಆದೇಶಗಳಿಂದ ನಾವು ಗ್ರಹಿಸಬೇಕಾದ ಪಾಠ.

ಭಾಷೆಯ ತೊಡಕಿನೊಂದಿಗೆ ಇನ್ನೂ ಎರಡು ತೊಡಕುಗಳಿವೆ. ಮೊದಲನೆಯದು, 1954ರಲ್ಲಿಯೇ ಕಂಡಿದ್ದ ಎಣಿಕೆ ಮತ್ತು ತೂಕದ ಭೇದ. ಯಾರೋ ಸಿದ್ಧಪಡಿಸಿದ ಒಕ್ಕಣೆಯನ್ನು ಸಾವಿರ ಜನ ಹಾಗೆಯೇ ಮುಂದೆ ಕಳುಹಿಸಿದರೆ ಅಧಿಕಾರಿಯ ಕಣ್ಣಿಗೆ ಅದು ಒಂದೇ ಮನವಿಯಾಗಿ ಕಾಣುತ್ತದೆ. ತಮ್ಮೂರಿನ ಕೆರೆಯ ಅಳತೆ, ಶಾಲೆಯ ಹಾಜರಿ, ಕೆಟ್ಟ ರಸ್ತೆಯ ದೂರ, ಇಂಥ ವಿವರಗಳಿಂದ ಕೂಡಿದ ಹತ್ತು ಅರ್ಜಿಗಳು ಅದಕ್ಕಿಂತ ಹೆಚ್ಚು ಮಾತನಾಡುತ್ತವೆ. ಎರಡನೆಯದು ಗದ್ದಲ. 2022ರ ಕೊನೆಯಲ್ಲಿ ಅಕ್ಕಲಕೋಟೆ ತಾಲೂಕಿನ ಕೆಲವು ಗ್ರಾಮ ಪಂಚಾಯತಿಗಳು ಮೂಲಭೂತ ಸೌಕರ್ಯಗಳ ಕೊರತೆಯನ್ನು ಮುಂದಿಟ್ಟು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದಾಗ ಸುದ್ದಿ ಕ್ಷಣಮಾತ್ರದಲ್ಲಿ ಎಲ್ಲರ ಮೊಬೈಲುಗಳಿಗೆ ಹರಡಿತು. ಗಡಿಯ ಮಾತು ಮೇಲೆದ್ದಷ್ಟು ನೀರು, ರಸ್ತೆಗಳ ಮಾತು ಮೇಲೇಳಲಿಲ್ಲ. ಚಾವಡಿಯಲ್ಲಿ ಎದುರುಬದುರು ಕುಳಿತು ಒಪ್ಪಿ ಸಹಿ ಹಾಕುವಾಗ ನಡೆಯುತ್ತಿದ್ದ ವಿಚಾರವಿನಿಮಯವನ್ನು ಒಬ್ಬೊಬ್ಬರೇ ಬೆರಳೊತ್ತುವ ಪದ್ಧತಿ ತಾನಾಗಿ ತಂದುಕೊಡಲಾರದು.

ಶಾಲೆಯ ಪಾಲಿನ ಕರ್ತವ್ಯ

ಮುಂಬರುವ ಪರೀಕ್ಷೆ ದೂರವಿಲ್ಲ. 2027ರ ಜನಗಣತಿಯಲ್ಲಿ ಕುಟುಂಬದವರೇ ಅಂತರ್ಜಾಲದಲ್ಲಿ ವಿವರ ತುಂಬುವ ಸ್ವಯಂಗಣತಿಗೆ ಅವಕಾಶವಿದೆ. ಮಾತೃಭಾಷೆಯ ಕಾಲಂ ಅದರಲ್ಲಿ ಬರುವುದು. ಶೇಕಡಾ 15ರ ಲೆಕ್ಕ, ಕನ್ನಡದಲ್ಲಿ ಸೂಚನೆ ಪಡೆಯುವ ಅರ್ಹತೆ, ಕನ್ನಡ ಶಾಲೆಗಳ ಬೇಡಿಕೆ ಎಲ್ಲವೂ ಆ ಒಂದು ಕಾಲಮ್ಮಿನ ಮೇಲೆ ನಿಂತಿವೆ. ಮನೆಯಲ್ಲಿ ಕನ್ನಡವಾಡುವವರು ಅಲ್ಲಿ ಕನ್ನಡವೆಂದೇ ದಾಖಲಿಸಬೇಕು. ಸತ್ಯವನ್ನು ಸತ್ಯವಾಗಿ ಬರೆಯುವುದಷ್ಟೇ ಇದು, ಯಾರ ವಿರುದ್ಧವೂ ಅಲ್ಲ.

ಮನವಿಪತ್ರ ಬರೆಯುವುದನ್ನು ನಮ್ಮ ಶಾಲೆಗಳು ಪತ್ರಲೇಖನದ ಪಾಠದಲ್ಲಿ ಬಹುಕಾಲದಿಂದ ಕಲಿಸುತ್ತ ಬಂದಿವೆ. ಅಂಕಗಳಿಗಾಗಿ ಕಲಿತ ಆ ಪಾಠವೇ ಅನೇಕರಿಗೆ ಮುಂದೆ ಊರವರ ಅರ್ಜಿ ಬರೆದುಕೊಡುವ ಸಾಮರ್ಥ್ಯ ನೀಡಿದೆ. ಎರಡನೆಯ ಶತಮಾನದಲ್ಲಿ ಈ ಪಾಠವು ಇನ್ನೂ ವಿಸ್ತಾರವಾಗಬೇಕಾಗಿದೆ. ಯೂನಿಕೋಡಿನಲ್ಲಿ ಕನ್ನಡ ಬೆರಳಚ್ಚು, ಕರಡು ನಿಯಮವನ್ನು ಓದಿ ತಿಳಿಯುವ ಬಗೆ, ಆಧಾರ ಕೂಡಿಸುವ ಶಿಸ್ತು, ಅರ್ಜಿಯ ಸಂಖ್ಯೆಯನ್ನು ಬರೆದಿಟ್ಟು ಬೆನ್ನು ಹತ್ತುವ ತಾಳ್ಮೆ ಇವೆಲ್ಲವೂ ಅದರಲ್ಲಿ ಸೇರಬೇಕು. ಸರಕಾರದ ಜಾಲತಾಣಗಳಲ್ಲಿ ಕನ್ನಡದ ಆಯ್ಕೆ ಬೇಕೆಂದು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯುವುದರಿಂದಲೇ ಹಿರಿಯ ವಿದ್ಯಾರ್ಥಿಗಳು ಈ ಅಭ್ಯಾಸ ಆರಂಭಿಸಬಹುದು. ಆ ಮನವಿಯನ್ನು ಕನ್ನಡದಲ್ಲಿಯೇ ಬರೆಯಲಿ. ಜೊತೆಗೊಂದು ಮರಾಠಿ ಪ್ರತಿಯೂ ಇರಲಿ, ನೆರೆಯವರಿಗೆ ನಮ್ಮ ಮಾತು ನೇರವಾಗಿ ತಿಳಿಯಲಿ.