ಭದ್ರಾ ಕಾಡಿನ ಬಿಡಾರಗಳು

ಭದ್ರಾ ಅಭಯಾರಣ್ಯ ನೋಡಲು ಹೊರಟವರು ಮೊದಲು ತೀರ್ಮಾನಿಸಬೇಕಾದದ್ದು ರಾತ್ರಿ ತಂಗುವುದು ಎಲ್ಲಿ ಎಂಬುದನ್ನು. ತರೀಕೆರೆ ಕಡೆಯಿಂದ ಹೋದರೆ ಲಕ್ಕವಳ್ಳಿ, ಚಿಕ್ಕಮಗಳೂರು ಕಡೆಯಿಂದಾದರೆ ಮುತ್ತೋಡಿ, ತಂಪು ಬೇಕೆಂದರೆ ಕೆಮ್ಮಣ್ಣುಗುಂಡಿ. ಇಲ್ಲಿನ ಹಳೆಯ ಬಿಡಾರಗಳಲ್ಲಿ ಯಾವುದನ್ನೂ ರಜೆಗೆ ಬರುವ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿರಲಿಲ್ಲ. ರೈಲು, ಮರ, ಅದಿರು, ನೀರು ಅಂತ ಒಂದೊಂದರ ಬೆನ್ನು ಹತ್ತಿ ಬಂದವರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡವು ಅವು.

ಮೈಸೂರು ಸಂಸ್ಥಾನದ ಕಾಲದಲ್ಲಿ ಈ ಜಿಲ್ಲೆಯ ಹೆಸರೇ ಕಡೂರು. ಜಿಲ್ಲಾ ಕಚೇರಿ 1865ರಲ್ಲೇ ಚಿಕ್ಕಮಗಳೂರಿಗೆ ಹೋದರೂ ಹೆಸರು ಸ್ವಾತಂತ್ರ್ಯದ ತನಕ ಬದಲಾಗಲಿಲ್ಲ. ಬೆಂಗಳೂರಿನಿಂದ ಪುಣೆಯತ್ತ ಹೊರಟ ರೈಲು ಹಳಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಯಿತು. 1899ರಲ್ಲಿ ಬೀರೂರಿನಿಂದ ಕವಲೊಡೆದು ತರೀಕೆರೆಯ ಮೇಲೆ ಶಿವಮೊಗ್ಗ ಸೇರಿತು. ಮಲೆನಾಡಿಗೆ ಹೋಗುವವರು ಈ ಸ್ಟೇಷನ್ನುಗಳಲ್ಲಿ ಇಳಿದು, ಛತ್ರದಲ್ಲೋ ಮುಸಾಫರಖಾನೆಯಲ್ಲೋ ರಾತ್ರಿ ಕಳೆದು, ಬೆಳಗ್ಗೆ ಎತ್ತಿನ ಗಾಡಿ ಕಟ್ಟಿಸುತ್ತಿದ್ದರು.

ಛತ್ರ ಸಾಮಾನ್ಯರಿಗೆ, ಸಾಹೇಬರಿಗೆ ಐ.ಬಿ., ಅಂದರೆ ತಪಾಸಣಾ ಬಂಗಲೆ. ಲೋಕೋಪಯೋಗಿ ಇಲಾಖೆಯದು ಒಂದು, ಅರಣ್ಯ ಇಲಾಖೆಯದು ಇನ್ನೊಂದು. ಹೆಂಚಿನ ಮಾಡು, ಮುಂದೆ ಉದ್ದನೆಯ ಜಗಲಿ, ಹಿಂದೆ ಬೇರೆಯಾಗಿ ಅಡುಗೆಮನೆ. ಅದನ್ನು ನೋಡಿಕೊಳ್ಳುವ ಮೇಟಿಯೇ ಅಡುಗೆಯವನು, ಕಾವಲುಗಾರ, ಊರಿನ ಸುದ್ದಿಗಾರ ಎಲ್ಲವೂ. ಮೊದಲ ಹಕ್ಕು ತಪಾಸಣೆಗೆ ಬಂದ ಅಧಿಕಾರಿಯದು. ಬೇರೆಯವರಿಗೆ ಕೊಟ್ಟ ಕೋಣೆಯನ್ನು ಅಧಿಕಾರಿ ಬಂದರೆ ಬಿಟ್ಟುಕೊಡಬೇಕಿತ್ತು. ಕಾಡು ನೋಡುವ ಆಸೆಯಿದ್ದರೆ ಸಾಲದು, ಒಂದು ಚೀಟಿಯೋ ಪರಿಚಯವೋ ಜೊತೆಗಿರಬೇಕಿತ್ತು.

ಬಂದೂಕು ಇದ್ದವರ ಮಾತೇ ಬೇರೆ. ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಶಿಕಾರಿ ಪುಸ್ತಕದಲ್ಲಿ ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ನರಭಕ್ಷಕ ಹುಲಿಯದೇ ಒಂದು ಅಧ್ಯಾಯ. ಬೀರೂರು, ಲಿಂಗದಹಳ್ಳಿ, ಹೊಗರೇಕಾನು ಗುಡ್ಡ ಅಲ್ಲಿ ತಮ್ಮ ಹೆಸರಿನಲ್ಲೇ ಬರುತ್ತವೆ. ಮುಂದೆ ಪೂರ್ಣಚಂದ್ರ ತೇಜಸ್ವಿ ಆಂಡರ್ಸನ್ನನ ಕಥೆಗಳನ್ನು ಕನ್ನಡಕ್ಕೆ ತಂದ ಮೇಲೆ ನಮ್ಮ ಮನೆಮನೆಗಳ ಹುಡುಗರಿಗೂ ಆ ಲೋಕದ ಪರಿಚಯವಾಯಿತು. 1972ರ ವನ್ಯಜೀವಿ ಕಾಯ್ದೆ ಶಿಕಾರಿಗೆ ಬಾಗಿಲು ಹಾಕಿತು.

ಕೆಮ್ಮಣ್ಣುಗುಂಡಿ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬೀಡು. ಅದೇ ಬೆಟ್ಟದ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅದಿರೂ ಇತ್ತು. 1923ರಲ್ಲಿ ಕೆಲಸ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇಲ್ಲಿಂದಲೇ ಅದಿರು ಹೋಗುತ್ತಿತ್ತು. ತಂತಿಯ ಮೇಲೆ ತೊಟ್ಟಿಲುಗಳಲ್ಲಿ ಬೆಟ್ಟ ಇಳಿದು, ಕೆಳಗೆ ಟ್ರಾಂ ಹಳಿಯ ಮೇಲೆ ಕಾಡು ದಾಟಿ ಮುಂದಕ್ಕೆ. ಒಂದೇ ಬೆಟ್ಟದ ಒಂದು ಮಗ್ಗುಲಲ್ಲಿ ಅರಮನೆಯ ಹೂದೋಟ, ಇನ್ನೊಂದು ಮಗ್ಗುಲಲ್ಲಿ ಗಣಿ. 1942ರಲ್ಲಿ ಗಿರಿಧಾಮ ತೋಟಗಾರಿಕೆ ಇಲಾಖೆಯ ಕೈಗೆ ಬಂತು. ಕೆಂಪು ಬಸ್ಸಿನಲ್ಲಿ ಬಂದ ಶಾಲಾ ಮೇಷ್ಟರ ಕುಟುಂಬಕ್ಕೂ ಅಲ್ಲಿ ಕೋಣೆ ಸಿಗುವಂತಾದದ್ದು ಆಮೇಲೆಯೇ. ಈ ಸೀಮೆಯ ಪ್ರವಾಸದ ಇತಿಹಾಸದಲ್ಲಿ ಇಷ್ಟು ದೊಡ್ಡ ಬದಲಾವಣೆ ಇನ್ನೊಂದಿಲ್ಲ.

ಲಕ್ಕವಳ್ಳಿಯ ಕಥೆ ನೀರಿನದು. ಭದ್ರಾ ಅಣೆಕಟ್ಟೆಯ ಕೆಲಸ 1947ರಲ್ಲಿ ಶುರುವಾಗಿ 1965ರ ಹೊತ್ತಿಗೆ ಮುಗಿಯಿತು. 71.5 ಟಿಎಂಸಿ ನೀರು ನಿಂತಾಗ ಕಣಿವೆಯ ಕಾಡು, ಗದ್ದೆ, ಊರುಗಳು ಮುಳುಗಿದವು. ಎತ್ತರದ ಗುಡ್ಡಗಳ ತಲೆ ಮಾತ್ರ ನಡುಗಡ್ಡೆಗಳಾಗಿ ಉಳಿದವು. ಬೇಸಿಗೆಯಲ್ಲಿ ನೀರು ತಗ್ಗಿದಾಗ ತೆರೆದುಕೊಳ್ಳುವ ಆ ನೆಲದ ಮೇಲೆ ನದಿ ರೀವಗಳು ಬರಿ ಮಣ್ಣಿನಲ್ಲೇ ಮೊಟ್ಟೆಯಿಡುತ್ತವೆ. ಕವಲಾದ ಬಾಲ, ಹಳದಿ ಕೊಕ್ಕು, ಕಪ್ಪು ಟೋಪಿಯ ಹಕ್ಕಿ. ಜಂಗಲ್ ಲಾಡ್ಜಸ್ ಸಂಸ್ಥೆ ಹಿನ್ನೀರಿನ ಅಂಚಿನಲ್ಲಿ ಕಟ್ಟಿದ ರಿವರ್ ಟರ್ನ್ ಲಾಡ್ಜ್‌ಗೆ ಇದೇ ಹಕ್ಕಿಯ ಹೆಸರು. ಸಂಸ್ಥೆ ಹುಟ್ಟಿದ್ದು 1980ರಲ್ಲಿ. ಹುಲಿ ನೋಡಲು ಜೀಪು, ಹಕ್ಕಿ ನೋಡಲು ದೋಣಿ, ಊಟ ವಸತಿ ಎಲ್ಲ ಸೇರಿ ಒಂದೇ ದರ ಎಂಬ ಪದ್ಧತಿಯನ್ನು ಕರ್ನಾಟಕದ ಕಾಡುಗಳಿಗೆ ತಂದದ್ದು ಅದೇ.

ಪ್ರವಾಸಿಗೆ ಕೋಣೆ ಸಿಗುವ ಹೊತ್ತಿಗೆ ಕಾಡಿನೊಳಗೆ ತಲೆಮಾರುಗಳಿಂದ ಮನೆ ಮಾಡಿಕೊಂಡಿದ್ದವರು ಹೊರಟರು. 1951ರಲ್ಲಿ ಜಾಗರ ಕಣಿವೆಯ ಮೃಗಧಾಮವಾಗಿದ್ದ ಜಾಗ 1974ರಲ್ಲಿ ಹಿಗ್ಗಿ ಭದ್ರಾ ಅಭಯಾರಣ್ಯವಾಯಿತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001–02ರಲ್ಲಿ ಒಳಗಿನ ಹಳ್ಳಿಗಳ 419 ಕುಟುಂಬಗಳು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಮತ್ತು ಮೂಡಿಗೆರೆಯ ಕೆಳಗೂರಿಗೆ ಸ್ಥಳಾಂತರಗೊಂಡವು. ಜಮೀನು, ಮನೆ, ಶಾಲೆ, ರಸ್ತೆ ಸಿಕ್ಕ ಈ ಪುನರ್ವಸತಿಯನ್ನು ದೇಶದ ಯಶಸ್ವಿ ಉದಾಹರಣೆಗಳಲ್ಲಿ ಒಂದೆಂದು ಸಂಶೋಧಕರು ಎಣಿಸುತ್ತಾರೆ. ಆ ಮಾತು ನ್ಯಾಯವಾದದ್ದೇ. ಆದರೂ ಅಭಯಾರಣ್ಯದಲ್ಲಿ ಎರಡು ದಿನ ಇದ್ದು ಜಿಂಕೆ ಹಿಂಡು, ಕಾಟಿ ನೋಡಿ ಬರುವವರು ಎಂ.ಸಿ. ಹಳ್ಳಿಯ ಹೆಸರನ್ನಾದರೂ ತಿಳಿದಿರಬೇಕು. ಅಲ್ಲಿಗೆ ಹೋದ ಕುಟುಂಬಗಳು ಬಿಟ್ಟುಕೊಟ್ಟ ಗದ್ದೆಬಯಲುಗಳಲ್ಲೇ ಈಗ ಆ ಹಿಂಡು ಮೇಯುತ್ತಿದೆ.

2012ರ ಅಕ್ಟೋಬರಿನಲ್ಲಿ ಬಂದ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಹುಲಿ ಕಾಡಿನ ನಡುಭಾಗದಲ್ಲಿ ಹೊಸ ವಸತಿ ಕಟ್ಟುವುದನ್ನು ತಡೆಯಿತು. ಪ್ರವಾಸಕ್ಕೆ ಆ ಭಾಗದ ಶೇ. 20ಕ್ಕಿಂತ ಹೆಚ್ಚು ಬಳಸಬಾರದೆಂದಿತು. ಮರುವರ್ಷ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲೂ ಬಂತು. ಹಾಗಾಗಿ ಕಾಡಿನ ಹೊರಗಿನ ಊರುಗಳಲ್ಲೇ ತಂಗುವುದು ಮತ್ತೆ ಸುಲಭವಾಗಿದೆ, ಹುಲಿಗೂ ಅದೇ ಒಳ್ಳೆಯದು. ಕಡೂರಿನಲ್ಲೋ ಬೀರೂರಿನಲ್ಲೋ ಇಳಿದುಕೊಂಡವರಿಗೆ ಬಯಲಿನ ಇನ್ನೊಂದು ಕಾಡೂ ಹತ್ತಿರ: ಅಮೃತಮಹಲ್ ದನಗಳಿಗೆಂದು ಅರಸರು ಕಾಯ್ದಿಟ್ಟ ಬಾಸೂರು ಕಾವಲು. 2011ರಲ್ಲಿ ಸಂರಕ್ಷಣಾ ಮೀಸಲೆಂದು ಘೋಷಿತವಾದ ಆ ಹುಲ್ಲುಗಾವಲು ಕೃಷ್ಣಮೃಗಗಳ ನೆಲೆ. ಅದೇ ತಳಿಯ ದನಗಳನ್ನು ಸಾಕುವ ಸರ್ಕಾರಿ ಕೇಂದ್ರ ಅಜ್ಜಂಪುರದಲ್ಲಿದೆ. ಹುಲಿ ಕಾಡಿಗೆ ಬಂದವರಲ್ಲಿ ಬಹುಮಂದಿ ಇತ್ತ ತಿರುಗಿಯೂ ನೋಡದೆ ಹೋಗುತ್ತಾರೆ. ಇನ್ನೊಂದು ರಾತ್ರಿ ಕಡೂರಿನಲ್ಲಿ ತಂಗಲು ಇದೊಂದೇ ಕಾರಣ ಸಾಕು.