ಮೊಬೈಲ್ ಹಣವಂಚನೆ: ಕರ್ನಾಟಕದಲ್ಲಿ ಪತ್ತೆ ಮತ್ತು ದೂರಿನ ಇತಿಹಾಸ

ಮೊಬೈಲ್ ಫೋನ್, ಅಂತರ್ಜಾಲ ಮತ್ತು ಡಿಜಿಟಲ್ ಪಾವತಿಯ ಮೂಲಕ ಜನರನ್ನು ನಂಬಿಸಿಯೋ ಬೆದರಿಸಿಯೋ ಹಣ ಲಪಟಾಯಿಸುವ ಅಪರಾಧಗಳನ್ನು ಮೊಬೈಲ್ ಹಣವಂಚನೆ ಅಥವಾ ಆನ್‌ಲೈನ್ ವಂಚನೆ ಎನ್ನುತ್ತಾರೆ. ಕರ್ನಾಟಕದಲ್ಲಿ ಇದರ ಇತಿಹಾಸ ಎರಡು ಎಳೆಗಳಲ್ಲಿ ಸಾಗಿದೆ. ಬ್ಯಾಂಕುಗಳ ತಾಂತ್ರಿಕ ಭದ್ರತೆ ಬಿಗಿಯಾದಂತೆಲ್ಲ ವಂಚಕರು ಜನರ ಭಯ, ಆಸೆ, ಆತುರಗಳನ್ನೇ ಬಳಸತೊಡಗಿದರು. ಇತ್ತ ದೂರಿನ ವ್ಯವಸ್ಥೆ ಬೆಂಗಳೂರಿನ ಒಂದೇ ಠಾಣೆಯಿಂದ ಹಳ್ಳಿಯವರ ಕೈಯಲ್ಲಿರುವ ಫೋನಿನವರೆಗೆ ಬಂದಿದೆ.

ಕಾನೂನು ಮತ್ತು ಠಾಣೆಗಳು

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಅಕ್ಟೋಬರ್ 17ರಂದು ಜಾರಿಗೆ ಬಂತು. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಸ್ಥಾಪನೆಯಾಯಿತು. ಇಡೀ ರಾಜ್ಯ ಅದರ ವ್ಯಾಪ್ತಿಗೆ ಸೇರಿತ್ತು. ಈ ಕಾಯ್ದೆಯಡಿ ತನಿಖೆ ನಡೆಸುವ ಅಧಿಕಾರ ಆಗ ಡಿವೈಎಸ್‌ಪಿ ಮತ್ತು ಅದಕ್ಕೂ ಮೇಲಿನ ದರ್ಜೆಯ ಅಧಿಕಾರಿಗಳಿಗಷ್ಟೇ ಇದ್ದುದರಿಂದ ಸ್ಥಳೀಯ ಠಾಣೆಗಳ ಪಾತ್ರ ಕಿರಿದಾಗಿತ್ತು. 2009ರ ಅಕ್ಟೋಬರ್ 27ರಂದು ಜಾರಿಗೆ ಬಂದ ತಿದ್ದುಪಡಿ ಇನ್‌ಸ್ಪೆಕ್ಟರ್‌ಗಳಿಗೂ ಆ ಅಧಿಕಾರ ಕೊಟ್ಟಿತು. ಗುರುತಿನ ಕಳವಿಗೆ 66ಸಿ, ಬೇರೆಯವರ ಹೆಸರಿನಲ್ಲಿ ವಂಚಿಸುವುದಕ್ಕೆ 66ಡಿ ಕಲಂಗಳು ಸೇರಿದ್ದೂ ಆಗಲೇ. ಇವುಗಳಡಿ 3 ವರ್ಷದವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮುಂದೆ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆಗಳು ತೆರೆದವು. ಕೋಲಾರದಲ್ಲೂ ಒಂದಿದೆ.

ವಂಚನೆಯ ಬದಲಾದ ರೂಪಗಳು

ಮೊದಲ ದಶಕದಲ್ಲಿ ಲಾಟರಿ ಬಂದಿದೆಯೆಂಬ ಇಮೇಲ್, ಎಸ್ಸೆಮ್ಮೆಸ್‌ಗಳೂ ಎಟಿಎಂ ಕಾರ್ಡಿನ ನಕಲೂ ಹೆಚ್ಚು ಕೇಳಿಬರುತ್ತಿದ್ದವು. ಚಿಪ್ ಇರುವ ಕಾರ್ಡು, ಒಟಿಪಿಗಳು ಬಂದ ಮೇಲೆ ಕಾರ್ಡಿನ ನಕಲು ಕಷ್ಟವಾಯಿತು. ಆಗ ‘ಬ್ಯಾಂಕಿನಿಂದ ಮಾತಾಡ್ತಿದ್ದೀವಿ, ನಿಮ್ಮ ಕಾರ್ಡ್ ಬ್ಲಾಕ್ ಆಗುತ್ತೆ’ ಎಂದು ಹೆದರಿಸಿ ಒಟಿಪಿ ಕೇಳುವ ಕರೆಗಳು ಹೆಚ್ಚಿದವು.

ಯುಪಿಐ 2016ರ ಏಪ್ರಿಲ್ 11ರಂದು ಉದ್ಘಾಟನೆಯಾಯಿತು. ಅದೇ ವರ್ಷ ನವೆಂಬರ್ 8ರ ನೋಟು ರದ್ದತಿಯ ನಂತರ ಅದರ ಬಳಕೆ ಊರೂರಿಗೆ ಹರಡಿತು. ಹಣ ಕೇಳುವ ‘ಕಲೆಕ್ಟ್ ರಿಕ್ವೆಸ್ಟ್’ ಕಳಿಸಿ, ಹಣ ಪಡೆಯಲು ಪಿನ್ ಒತ್ತಬೇಕೆಂದು ನಂಬಿಸುವುದು ಆ ಕಾಲದ ದೊಡ್ಡ ಮೋಸವಾಗಿತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂಥ ಕೋರಿಕೆಗಳನ್ನು ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು.

ಸ್ಮಾರ್ಟ್‌ಫೋನ್ ಇಲ್ಲದವರೂ ಸುರಕ್ಷಿತರಾಗಿರಲಿಲ್ಲ. ಆಧಾರ್ ಆಧಾರಿತ ಪಾವತಿಗೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಸಾಕು, ಒಟಿಪಿ ಬೇಕಿಲ್ಲ. ಆಸ್ತಿ ನೋಂದಣಿ ಪತ್ರಗಳಿಂದ ಬೆರಳಚ್ಚು ನಕಲು ಮಾಡಿ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ರಾಜ್ಯದಲ್ಲಿ ಬೆಳಕಿಗೆ ಬಂದವು. ಆಸ್ತಿ ನೋಂದಣಿ ಪೋರ್ಟಲ್‌ನಲ್ಲಿ ಸಿಗುವ ಪತ್ರಗಳಲ್ಲಿ ಬೆರಳಚ್ಚು ಮರೆಮಾಡಲು ಸರ್ಕಾರ ಮುಂದಾಯಿತು. ಆಧಾರ್ ಬಯೊಮೆಟ್ರಿಕ್ ‘ಲಾಕ್’ ಮಾಡಿಕೊಳ್ಳುವ ಸೌಲಭ್ಯ ಪ್ರತಿಯೊಬ್ಬರಿಗೂ ಇದೆ.

ಪೊಲೀಸ್, ಸಿಬಿಐ ವೇಷದಲ್ಲಿ ವಿಡಿಯೊ ಕರೆ ಮಾಡಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ನಂತರದ್ದು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಕೇಳಿಸಿದ ಇಂಥ ಕರೆಯ ಧ್ವನಿಮುದ್ರಣ ವಿಜಯಪುರದವರೊಬ್ಬರದು. ಡಿಜಿಟಲ್ ಅರೆಸ್ಟ್ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ.

ಗುರುತಿಸುವ ಬಗೆ

ರೂಪ ಯಾವುದಾದರೂ ಕೆಲವು ಲಕ್ಷಣಗಳು ಮರಳಿ ಮರಳಿ ಕಾಣುತ್ತವೆ: ಈಗಲೇ ಮಾಡಬೇಕೆಂಬ ಒತ್ತಡ, ಮನೆಯವರಿಗೂ ಹೇಳಬಾರದೆಂಬ ತಾಕೀತು, ಒಟಿಪಿ ಅಥವಾ ಪಿನ್ ಕೇಳುವುದು, ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಆಮಂತ್ರಣ, ಸಂಚಾರ ದಂಡ ಅಥವಾ ಸರ್ಕಾರಿ ಯೋಜನೆಯ ಹೆಸರಿನ ಎಪಿಕೆ (ಆ್ಯಪ್ ಅಳವಡಿಸುವ) ಫೈಲು. ಅಂಥ ಫೈಲು ಹಾಕಿಕೊಂಡರೆ ಫೋನಿಗೆ ಬರುವ ಸಂದೇಶಗಳು ವಂಚಕರ ಕೈಸೇರಬಹುದು. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಿಲ್ಲ.

ದೂರಿನ ವ್ಯವಸ್ಥೆ

ಕದ್ದ ಹಣ ನಿಮಿಷಗಳಲ್ಲಿ ಖಾತೆಯಿಂದ ಖಾತೆಗೆ ಹಾರುತ್ತದೆ. ಆದ್ದರಿಂದ ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ರಾಷ್ಟ್ರೀಯ ಸೈಬರ್ ಅಪರಾಧ ದೂರು ಪೋರ್ಟಲ್ 2019ರ ಆಗಸ್ಟ್ 30ರಂದು ಆರಂಭವಾಯಿತು. 2021ರಲ್ಲಿ 155260 ಸಹಾಯವಾಣಿ ಬಂತು. ಅದರ ಬದಲಿಗೆ ಬಂದ ಸಂಖ್ಯೆಯೇ ಈಗಿನ 1930. ಇಲ್ಲಿಗೆ ಬಂದ ದೂರು ನೇರವಾಗಿ ಹಣ ಸೇರಿದ ಬ್ಯಾಂಕಿಗೆ ಹೋಗುತ್ತದೆ. ಹಣ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ, ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಕಳೆದುಕೊಳ್ಳದಿದ್ದರೂ ಸಂಶಯದ ಕರೆ, ಸಂದೇಶಗಳನ್ನು ತಿಳಿಸಲು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ‘ಚಕ್ಷು’ ಸೌಲಭ್ಯ 2024ರ ಮಾರ್ಚ್‌ನಲ್ಲಿ ಬಂತು.

ಬ್ಯಾಂಕಿಗೆ ತಿಳಿಸುವುದೂ ಅಷ್ಟೇ ಮುಖ್ಯ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋಗಿದ್ದು 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟದ ಹೊಣೆಯಿಲ್ಲ. ಗ್ರಾಹಕರೇ ಒಟಿಪಿ ಹೇಳಿಬಿಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು.

ಯಲ್ದೂರು ಮತ್ತು ಕೋಲಾರ ಭಾಗ

ಶ್ರೀನಿವಾಸಪುರ ತಾಲ್ಲೂಕಿನ ಹೋಬಳಿ ಕೇಂದ್ರ ಯಲ್ದೂರಿನಂಥ ಕಡೆ ಮಾವು, ಟೊಮೆಟೊ, ಹಾಲಿನ ದುಡ್ಡೇ ಮನೆ ನಡೆಸುತ್ತದೆ. ಹಾಲಿನ ಪ್ರೋತ್ಸಾಹಧನ, 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿ ಎಲ್ಲವೂ ಬ್ಯಾಂಕ್ ಖಾತೆಗೇ ಬರುವುದರಿಂದ, ಖಾತೆಗೆ ಕನ್ನ ಬಿದ್ದರೆ ಇಡೀ ಮನೆಗೆ ಪೆಟ್ಟು. ಸಿಇಎನ್ ಠಾಣೆ ಜಿಲ್ಲಾ ಕೇಂದ್ರದಲ್ಲಿದ್ದರೂ ಮೊದಲ ದೂರಿಗೆ ಕೋಲಾರದ ಬಸ್ಸು ಹಿಡಿಯಬೇಕಿಲ್ಲ: 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಂಡು, ಸಂದೇಶಗಳನ್ನು ಅಳಿಸದೆ ಹತ್ತಿರದ ಠಾಣೆಗೆ ಹೋಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು.

ಹಣದಾಸೆಗೆ ತಮ್ಮ ಖಾತೆ, ಸಿಮ್ಮುಗಳನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವವರೂ ಆರೋಪಿಗಳಾಗುತ್ತಾರೆಂಬುದು ಕೆಲಸ ಹುಡುಕುವ ಹುಡುಗರಿಗೆ ತಿಳಿದಿರಬೇಕು. ಮೋಸಹೋದವರಲ್ಲಿ ಅನೇಕರು ಮರ್ಯಾದೆಗೆ ಅಂಜಿ ಸುಮ್ಮನಾಗುತ್ತಾರೆ. ಆ ಮೌನದಿಂದ ಲಾಭ ವಂಚಕರಿಗೆ ಮಾತ್ರ. ತಡಮಾಡದೆ ಕೊಟ್ಟ ಒಂದು ದೂರು ಇನ್ನೊಂದು ಮನೆಯ ದುಡ್ಡನ್ನೂ ಉಳಿಸಬಲ್ಲದು.