ಛಡಿ ಬಿಟ್ಟ ಶಾಲೆ, ಛಡಿ ಬಿಡದ ಮನೆ

‘ದಂಡಂ ದಶಗುಣಂ’ ಎಂಬ ಮಾತನ್ನು ಕೇಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಉತ್ತರ ಕರ್ನಾಟಕದಲ್ಲಿ ಇದರ ಜೊತೆಗೆ ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂಬ ಮರಾಠಿ ಗಾದೆಯೂ ರೂಢಿಯಲ್ಲಿತ್ತು. ಏಟು ಬೀಳದೆ ಅಕ್ಷರ ಹತ್ತದು ಎಂಬ ಈ ನಂಬಿಕೆ ಎಷ್ಟು ಹಳೆಯದು? ಕಾನೂನು ಅದನ್ನು ಕೈಬಿಟ್ಟದ್ದು ಯಾವಾಗ?

ಸರ್ಕಾರಿ ಶಾಲೆಗಳು ಹಬ್ಬುವ ಮುನ್ನ ನಮ್ಮ ಹಳ್ಳಿಗಳಲ್ಲಿದ್ದದ್ದು ಕೂಲಿಮಠ. ಊರವರು ಕೊಡುವ ದವಸ, ಕಾಸುಗಳೇ ಅಯ್ಯಗಳ ಸಂಬಳ. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಬೇಕು, ಮಗ್ಗಿ ಬಾಯಿಪಾಠ ಒಪ್ಪಿಸಬೇಕು. ತಪ್ಪಿದರೆ ಬೆತ್ತದೇಟು, ಬಸ್ಕಿ. ಎಲ್ಲಕ್ಕಿಂತ ಭಯಂಕರವಾದದ್ದು ಕೋದಂಡ. ಮಾಡಿನ ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿದು ಹುಡುಗ ನೇತಾಡಬೇಕು. ಕೈ ಸೋತು ಕಾಲು ನೆಲಕ್ಕಿಳಿದರೆ ಮತ್ತೆ ಏಟು. ಇದು ವಿದ್ಯೆಗೆ ತೆರಬೇಕಾದ ಬೆಲೆ ಎಂದೇ ಬಹುಪಾಲು ತಂದೆತಾಯಿಗಳು ಬಗೆದಿದ್ದರು.

ಶಾಸ್ತ್ರಗಳೂ ಈ ವಿಷಯದಲ್ಲಿ ಒಂದೇ ಮಾತು ಹೇಳುವುದಿಲ್ಲ. ತಪ್ಪು ಮಾಡಿದ ಮಗನನ್ನೂ ಶಿಷ್ಯನನ್ನೂ ಹಗ್ಗದಿಂದಲೋ ಬಿದಿರ ಸೀಳಿನಿಂದಲೋ ಹೊಡೆಯಬಹುದು, ಆದರೆ ಬೆನ್ನಿಗೆ ಮಾತ್ರ, ತಲೆಗೆ ಸಲ್ಲದು ಎನ್ನುತ್ತದೆ ಮನುಸ್ಮೃತಿಯ ಎಂಟನೆಯ ಅಧ್ಯಾಯ. ಅದೇ ಗ್ರಂಥದ ಎರಡನೆಯ ಅಧ್ಯಾಯ, ಹಿಂಸೆಯಿಲ್ಲದೆ ಮೃದುವಾದ ಮಾತಿನಿಂದ ಬೋಧಿಸಬೇಕೆಂದು ವಿಧಿಸುತ್ತದೆ.

ಬ್ರಿಟಿಷರ ನಾಡಿನಲ್ಲೂ ಬೆತ್ತಕ್ಕೆ ಮರ್ಯಾದೆ ಇತ್ತು. 1860ರಲ್ಲಿ ಥಾಮಸ್ ಹಾಪ್ಲಿ ಎಂಬ ಉಪಾಧ್ಯಾಯ, ತಂದೆಯ ಒಪ್ಪಿಗೆ ಪಡೆದೇ ಹೊಡೆದ ಏಟುಗಳಿಂದ ವಿದ್ಯಾರ್ಥಿಯೊಬ್ಬ ಸತ್ತ. ಹಾಪ್ಲಿಗೆ ಶಿಕ್ಷೆಯಾಯಿತು. ಆದರೆ ಮಿತಿ ಮೀರದ, ಯುಕ್ತವಾದ ದಂಡನೆ ತಪ್ಪಲ್ಲವೆಂದು ನ್ಯಾಯಾಲಯ ಹೇಳಿತು. ಅದೇ ವರ್ಷ ಅಂಗೀಕಾರವಾದ ಭಾರತೀಯ ದಂಡ ಸಂಹಿತೆಯ 89ನೇ ಕಲಮು, 12 ವರ್ಷದೊಳಗಿನ ಮಗುವಿನ ಹಿತಕ್ಕಾಗಿ ಪೋಷಕರು, ಅಥವಾ ಅವರ ಒಪ್ಪಿಗೆಯಿಂದ ಇತರರು, ಸದುದ್ದೇಶದಿಂದ ಮಾಡಿದ್ದಕ್ಕೆ ರಕ್ಷಣೆ ಕೊಟ್ಟಿತು. ಹೊಡೆದ ಉಪಾಧ್ಯಾಯರ ಪರವಾಗಿ ಎಷ್ಟೋ ಸಲ ವಾದಕ್ಕೆ ನಿಂತದ್ದು ಇದೇ ಕಲಮು.

ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಆಶ್ರಮದಲ್ಲಿ ಗಾಂಧೀಜಿ ಒಮ್ಮೆ ತುಂಟ ಹುಡುಗನೊಬ್ಬನ ತೋಳಿಗೆ ರೂಲುದೊಣ್ಣೆಯಿಂದ ಹೊಡೆದರು. ಹೊಡೆಯುವಾಗ ತಮ್ಮ ಮೈಯೇ ನಡುಗಿತ್ತೆಂದೂ, ಆ ಏಟಿನ ಬಗ್ಗೆ ಪಶ್ಚಾತ್ತಾಪ ಉಳಿಯಿತೆಂದೂ ಆತ್ಮಕಥೆಯಲ್ಲಿ ಅವರು ಬರೆದಿದ್ದಾರೆ.

ಕಾನೂನು ಎಚ್ಚೆತ್ತದ್ದು ನಿಧಾನವಾಗಿ. ಮನೆಯಲ್ಲಿಯೂ ಮಕ್ಕಳನ್ನು ಹೊಡೆಯಕೂಡದೆಂದು ಮೊದಲು ಸಾರಿದ ದೇಶ ಸ್ವೀಡನ್, 1979ರಲ್ಲಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿತು. ದೈಹಿಕ ಶಿಕ್ಷೆಗೆ ಅವಕಾಶವಿದ್ದ ದೆಹಲಿಯ ಶಾಲಾ ನಿಯಮವನ್ನು ಅಲ್ಲಿನ ಹೈಕೋರ್ಟು 2000ದ ಡಿಸೆಂಬರಿನಲ್ಲಿ ರದ್ದುಪಡಿಸಿತು. ಆದರೂ ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೋಗುವ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರು ತಮಗೆ ಶಾಲೆಯಲ್ಲಿ ಏಟು ಬಿದ್ದಿದೆ ಎಂದರು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು, ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು.

ಮನೆಯ ಮಾತು ಬೇರೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ, ಆ 89ನೇ ಕಲಮನ್ನು 27ನೆಯದಾಗಿ ಉಳಿಸಿಕೊಂಡಿದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ಸರಿಯೇ. ಆದರೆ ಸುಮಾರು 1,60,000 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಕಂಡುಬಂದದ್ದು, ಏಟಿನ ಜೊತೆಗೆ ಹೆಚ್ಚುವುದು ವಿಧೇಯತೆಯಲ್ಲ, ಸಿಟ್ಟು ಮತ್ತು ಹಟ ಎಂದು. ಏಟು ಕಾರಣವೋ, ಹಟಕ್ಕೆ ಏಟು ಬಿತ್ತೋ ಎಂಬ ಚರ್ಚೆ ತಜ್ಞರಲ್ಲಿ ಇದೆ. ಏಟಿನಿಂದ ಒಳಿತಾಯಿತೆಂಬುದಕ್ಕೆ ಮಾತ್ರ ಅಲ್ಲಿ ಆಧಾರ ಸಿಗಲಿಲ್ಲ. ಗಿಡವನ್ನು ಬಗ್ಗಿಸಲು ಆಸರೆಯ ಕೋಲು ನೆಟ್ಟು ಕಟ್ಟುತ್ತಾರೆಯೇ ಹೊರತು, ಆ ಕೋಲಿನಿಂದ ಗಿಡಕ್ಕೆ ಹೊಡೆಯುವ ತೋಟಗಾರ ಎಲ್ಲಿಯೂ ಇಲ್ಲ.